ಏಳನೆಯವನ ಸರದಿ

ಮೂವತ್ತನೆಯ ಸೆಕೆಂಡಿಗೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಅಲೋಯ್ಜಿ ಪ್ಯೆಖಾ ಕೈಯಲ್ಲಿದ್ದ ಉದ್ದದ ಕ್ಲಾರಿನೆಟ್ಟನ್ನು ಕಾಲ ಬಳಿಯ ಗೂಟಕ್ಕೆ ಸಿಕ್ಕಿಸಿ, ಪಕ್ಕದ ಗೂಟದಿಂದ ಗಿಡ್ಡದ್ದನ್ನು ಎತ್ತಿಕೊಂಡ. ಬಗಲ ಕುರ್ಚಿಯ ಯೂರೆಕ್ ಓರೆಗಣ್ಣಿನಲ್ಲಿ ನೋಡಿ ನಗು ನುಂಗಿದ. ವೇದಿಕೆಯ ನಡುವೆ ವಾದ್ಯವೃಂದದ ಮುಖ್ಯಸ್ಥ ಸೊಬೊಟ್ಟಾ ತಾಳ ಹಾಕುವುದನ್ನು ಬಿಟ್ಟು ಬಲಗೈಯನ್ನು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ಸುತ್ತಿಸುತ್ತಿದ್ದರು. ಈ ಕೃತಿಯಲ್ಲಿ ತಾಳವಿಲ್ಲ, ಸೆಕೆಂಡುಗಳಿವೆ. ಕೈ ನೆಟ್ಟಗೆ ಕೆಳಗೆ ಬಂದಾಗ ಮೂವತ್ತು. ಅಲೋಯ್ಜಿ ಊದಿದ.

ಹಾಳೆಯಲ್ಲಿ ಬರೆದಿದ್ದದ್ದು ಉದ್ದದ ಕ್ಲಾರಿನೆಟ್ಟಿಗೆ. ಅದೇ ಬೆರಳುಗಳನ್ನು ಗಿಡ್ಡದರ ಮೇಲಿಟ್ಟು ಊದಿದರೆ ಪ್ರತಿ ಸ್ವರವೂ ಅರ್ಧ ಮೆಟ್ಟಿಲು ಮೇಲೆ ಹೋಗಿ ಕೂರುತ್ತದೆ. ಬೇರೆ ಸಂಗೀತವಾಗಿದ್ದರೆ ಸಭಾಂಗಣದ ಬಾಗಿಲು ಕಾಯುವವನಿಗೂ ಗೊತ್ತಾಗುತ್ತಿತ್ತು. ಇಲ್ಲಿ ಹನ್ನೆರಡು ಊದುವ ವಾದ್ಯಗಳು ಮೂರು ಸೆಕೆಂಡಿಗೊಂದರಂತೆ ಒಳಗೆ ಬಂದು, ಅರ್ಧರ್ಧ ಮೆಟ್ಟಿಲಿನ ಅಂತರದಲ್ಲಿ ಬೆಳಗಿನ ಪಾಳಿಯ ಟ್ರಾಮಿನಂತೆ ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಅಲೋಯ್ಜಿ ಅದರಲ್ಲಿ ಏಳನೆಯವನು. ತನ್ನ ಜಾಗ ಖಾಲಿ ಬಿಟ್ಟು ಎಂಟನೆಯವನ ಜಾಗದಲ್ಲಿ ಹೋಗಿ ಕೂತರೆ ಇಷ್ಟು ಗದ್ದಲದಲ್ಲಿ ಯಾರಿಗೆ ಗೊತ್ತಾಗಬೇಕು? ಬರೆದವಳಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಬರೆದವಳು ಬಾಯಿಗೆ ಬಂದದ್ದನ್ನು ಗೀಚಿದ್ದಾಳೆ ಎಂದೇ ಅರ್ಥ. ಅವನ ವಾದ ಇಷ್ಟೇ ಆಗಿತ್ತು.

ಬರೆದವಳು ಖಾಲಿ ಸಭಾಂಗಣದ ಏಳನೆಯ ಸಾಲಿನಲ್ಲಿ, ಮೇಜಿನ ಹಲಗೆಯಷ್ಟು ದೊಡ್ಡ ಸ್ವರಲಿಪಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ಕೂತಿದ್ದಳು. ಹೆಸರು ರೆನಾಟಾ ಗವ್ಲಿಕ್, ವಯಸ್ಸು ಮೂವತ್ತನಾಲ್ಕು. ಅವಳು ಪೆನ್ಸಿಲನ್ನು ಎತ್ತಿದಳು. ಅಲೋಯ್ಜಿ ಅದನ್ನು ಕಂಡ. ಪೆನ್ಸಿಲು ಏನೂ ಬರೆಯದೆ ಮತ್ತೆ ಕೆಳಗಿಳಿಯಿತು.

"ಏನಾದ್ರೂ ಹೇಳೋದಿದೆಯಾ, ಮೇಡಂ?" ಸೊಬೊಟ್ಟಾ ತಿರುಗಿ ಕೇಳಿದರು.

"ಇಲ್ಲ," ಎಂದಳು. "ಮುಂದಕ್ಕೆ ಹೋಗೋಣ."

ಯೂರೆಕ್ ತನ್ನ ಬೂಟಿನ ತುದಿಯಿಂದ ಅಲೋಯ್ಜಿಯ ಬೂಟನ್ನು ಮೆಲ್ಲಗೆ ತಟ್ಟಿದ.

ಇದಕ್ಕೆ ಅವರಲ್ಲಿ 'ಕಲ್ಲು ಹಾಕೋದು' ಎಂದು ಹೆಸರು. ಹೊಸ ನಿರ್ದೇಶಕನೋ ಹೊಸ ಕೃತಿ ಬರೆದವನೋ ಬಂದಾಗ ಗಂಜಿಯಲ್ಲಿ ಒಂದು ಕಲ್ಲು ಬಿಟ್ಟ ಹಾಗೆ ಯಾರಾದರೊಬ್ಬರು ಬೇಕೆಂದೇ ಒಂದು ತಪ್ಪು ಸ್ವರ ಬಿಡುವುದು. ಬಂದವನು ಕಲ್ಲು ಕಚ್ಚಿ "ಯಾರದು" ಎಂದರೆ ಎಲ್ಲರೂ ಬೂಟು ತಟ್ಟಿ ಅವನನ್ನು ಒಪ್ಪಿಕೊಳ್ಳುತ್ತಾರೆ. ಕಚ್ಚದಿದ್ದರೆ ಅವನ ಕಥೆ ಮುಗಿಯಿತು. ಆದರೆ ಕಲ್ಲು ಒಂದೇ ದಿನದ್ದು, ಅಂದೇ ತೆಗೆದುಬಿಡಬೇಕು ಎಂಬುದೂ ನಿಯಮವೇ. ಎರಡನೆಯ ದಿನವೂ ತಪ್ಪು ಊದಿದರೆ ಅದು ತಮಾಷೆಯಲ್ಲ, ಸಂಬಳ ತಿಂದು ಮಾಡುವ ದ್ರೋಹ, ಅದಕ್ಕೆ ಎರಡು ವಾರ ವೇದಿಕೆ ಹತ್ತುವಂತಿಲ್ಲ. ಅಲೋಯ್ಜಿ ಇದನ್ನೆಲ್ಲ ಹೊಸಬರಿಗೆ ಹೇಳಿಕೊಟ್ಟವನು. ಹಾಗಿದ್ದೂ ನಿನ್ನೆಯ ಕಲ್ಲನ್ನು ಅವನು ಇವತ್ತೂ ಬಿಟ್ಟಿದ್ದ. ಒಂದು ಸಲ ಯಾರ ಕಿವಿಯಾದರೂ ತಪ್ಪಬಹುದಲ್ಲ, ಖಾತ್ರಿಯಾಗಬೇಕು ಎಂದು. ಅಂಗಡಿಯಲ್ಲಿ ಹತ್ತು ಮೊಟ್ಟೆ ಕೊಂಡರೆ ಹತ್ತನ್ನೂ ಬೆಳಕಿಗೆ ಹಿಡಿದು ನೋಡುವ ಜಾತಿಯವನು ಅವನು. ಅಂಗಡಿಯವಳು ಅವನನ್ನು ಕಂಡರೆ ಮೊದಲೇ ಮೊಟ್ಟೆ ಬುಟ್ಟಿಯನ್ನು ಕಿಟಕಿಯ ಹತ್ತಿರ ಸರಿಸಿಡುತ್ತಿದ್ದಳು.

ಅರವತ್ತನಾಲ್ಕನೆಯ ಇಸವಿಯ ಆಗಸ್ಟ್ ಕೊನೆ. ಮೂರು ವಾರಗಳಲ್ಲಿ ವಾರ್ಸಾದಲ್ಲಿ ಹೊಸ ಸಂಗೀತದ ಉತ್ಸವ. ಈ ಕಲ್ಲಿದ್ದಲ ಊರಿನ ವಾದ್ಯವೃಂದಕ್ಕೆ ಮೊದಲ ಸಲ ಕರೆ ಬಂದಿತ್ತು. ರೆನಾಟಾ ಮೂರು ವರ್ಷ ಕೂತು ಬರೆದ 'ಇಳಿತ' ಎಂಬ ಕೃತಿಯನ್ನು ಅಲ್ಲಿ ನುಡಿಸಬೇಕೋ, ಬೇಡ ಎಂದು ಬದಿಗಿಟ್ಟು ಹಳೆಯದನ್ನೇ ಒಯ್ಯಬೇಕೋ ಎಂಬುದನ್ನು ಮೂರನೆಯ ದಿನದ ತಾಲೀಮು ಮುಗಿದ ಮೇಲೆ ಐದು ಜನರ ಸಮಿತಿ ಕೈಯೆತ್ತಿ ತೀರ್ಮಾನಿಸುತ್ತದೆ. ಬೇಡವೆಂದರೆ ಕೃತಿ ಕಪಾಟು ಸೇರುತ್ತದೆ, ಇನ್ನೊಂದು ವಾದ್ಯವೃಂದ ಅದನ್ನು ಮುಟ್ಟುವುದಿಲ್ಲ. ಐವರಲ್ಲಿ ಒಬ್ಬ ಅಲೋಯ್ಜಿ. ಇನ್ನು ಮೂವರು ಅವನ ಮುಖ ನೋಡಿಯೇ ಕೈಯೆತ್ತುವವರು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹಂದಿಕೊಬ್ಬು ಸವರಿದ ಬ್ರೆಡ್ಡು, ಉಪ್ಪುನೀರಿನ ಸೌತೆಕಾಯಿ, ಗಾಜಿನ ಲೋಟದಲ್ಲಿ ಚಹಾ. 'ಇಳಿತ' ಅಂದರೆ ಏನು ಎಂಬ ಬಗ್ಗೆ ದೊಡ್ಡ ಚರ್ಚೆ ನಡೆದಿತ್ತು. ಗಣಿ ಕುಸಿಯುವುದು ಎಂದು ಒಬ್ಬ, ಅತ್ತೆ ಮನೆಗೆ ಬರುವುದು ಎಂದು ಇನ್ನೊಬ್ಬ. ರೆನಾಟಾಳನ್ನೇ ಕೇಳಿದಾಗ "ನೀವು ಕೇಳಿದ್ದೇ ಅದು" ಎಂದು ಹೇಳಿ ಮುಗಿಸಿಬಿಟ್ಟಿದ್ದಳು.

"ನಾವು ಕೇಳಿದ್ದೇ ಅದಂತೆ," ಎಂದ ಅಲೋಯ್ಜಿ. "ದರ್ಜಿ ಹತ್ರ ಕೋಟು ಹೊಲಿಯೋಕೆ ಕೊಟ್ರೆ, ನಿಮ್ಗೆ ಏನು ಕಾಣ್ಸುತ್ತೋ ಅದೇ ಕೋಟು ಅಂದ ಹಾಗಾಯ್ತು. ಅದ್ರಲ್ಲೂ ಆ ಶುರುವಿನ ಹನ್ನೆರಡು ಸೆಕೆಂಡು ನೋಡಿ. ಹದಿನಾರು ಜನ ಪಿಟೀಲಿನವ್ರು ಕಮಾನು ಆಡಿಸ್ತಾ ಕೂತಿರ್ತಾರೆ, ಸದ್ದೇ ಇಲ್ಲ. ಮೂಕಿ ಸಿನಿಮಾ. ಲುದ್ವಿಕಾ, ನಿಮ್ಗೆ ಆ ಹನ್ನೆರಡು ಸೆಕೆಂಡಿಗೂ ಸಂಬಳ ಉಂಟಾ?"

ಮೇಜಿನ ಸುತ್ತ ನಗೆ ಎದ್ದಿತು. ಮೊದಲ ಪಿಟೀಲಿನ ಲುದ್ವಿಕಾ ಕೂಡ ಚಹಾ ಲೋಟ ಕೆಳಗಿಟ್ಟು ನಕ್ಕಳು. "ನಿಮ್ಮ ಬಾಯಿಗೆ ಬೀಗ ಇಲ್ಲ, ಅಲೋಯ್ಜಿ," ಎಂದಳು.

"ಕಲ್ಲಿನ ಸಂಗತಿ ಹೇಳಿ ಯಜಮಾನ್ರೇ," ಎಂದ ಯೂರೆಕ್.

"ಏನು ಹೇಳೋದು? ಎರಡು ದಿನ ಅಗಿದಳು, ನುಂಗಿದಳು. ಹಲ್ಲಿಗೆ ತಾಗಲೇ ಇಲ್ಲ. ನಾಳೆ ನೀವೇ ಯೋಚ್ನೆ ಮಾಡಿ ಕೈ ಎತ್ತಿ."

ಅಷ್ಟರಲ್ಲಿ ಯೂರೆಕ್ ಅವನ ತೋಳು ತಿವಿದ. ಅಲೋಯ್ಜಿ ತಿರುಗಿ ನೋಡಿದರೆ ಬೆನ್ನ ಹಿಂದೆಯೇ ರೆನಾಟಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಸುತ್ತಿ ಎದುರಿಗೆ ಬಂದು, ಸ್ವಲ್ಪ ಬಗ್ಗಿ, ಅವನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ದೊಡ್ಡ ದನಿಯಲ್ಲಿ ಕೇಳಿದಳು:

"ಅಲೋಯ್ಜಿ ಅವ್ರೇ. ಆ ಮೂವತ್ತನೇ ಸೆಕೆಂಡಿನ ಜಾಗ. ನಿಮ್ಗೆ ಕಷ್ಟ ಆಗ್ತಿದೆಯಾ?"

"ನಂಗೇನು ಕಷ್ಟ, ಮೇಡಂ? ಮೂವತ್ತೈದು ವರ್ಷದಿಂದ ಊದ್ತಾ ಇದೀನಿ."

"ಸರಿ. ಸರಿ," ಎಂದು ತಲೆಯಾಡಿಸಿ, ಅವನ ಭುಜವನ್ನು ಮೆಲ್ಲಗೆ ಮುಟ್ಟಿ ಹೋದಳು.

ಎಳೆಮಗುವಿನ ಹತ್ತಿರ ಮಾತಾಡಿದ ಹಾಗೆ ಮಾತಾಡಿದ್ದು ಅಲೋಯ್ಜಿಗೆ ಮೈ ಉರಿಸಿತು. ಕಿವಿಯಿಲ್ಲದ ಹೆಂಗಸು ತನಗೆ ಕಷ್ಟವೋ ಎಂದು ಕೇಳುವುದೆಂದರೇನು? ಹಿಂದಿನ ದಿನವೂ ಅವಳು ಹಾಗೇ ಕೂಗಿ ಮಾತಾಡಿದ್ದಳು. ಎಲ್ಲರ ಜೊತೆ ಹಾಗಲ್ಲ, ತನ್ನ ಜೊತೆ ಮಾತ್ರ. ಇದರ ಹಿಂದೆ ಏನೋ ಮಸಲತ್ತಿದೆ ಎಂದು ಅವನಿಗೆ ಆಗಲೇ ಅನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ಅದು ಕೈಗೇ ಸಿಕ್ಕಿತು. ಸ್ಟ್ಯಾಂಡಿನ ಮೇಲಿದ್ದ ಹಾಳೆಯಲ್ಲಿ, ಮೂವತ್ತನೆಯ ಸೆಕೆಂಡಿನಲ್ಲಿ ಅವನು ಒಳಬರಬೇಕಾದ ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿಯೊಂದನ್ನು ಅಂಟಿಸಲಾಗಿತ್ತು. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಪಟ್ಟಿಯ ಮೇಲೆ ಒಪ್ಪವಾದ ಅಕ್ಷರದಲ್ಲಿ 'ವಿರಾಮ' ಎಂದಿತ್ತು. ಹನ್ನೆರಡು ಜನರಲ್ಲಿ ಅವನೊಬ್ಬನಿಗೆ ಬಾಯಿ ಕಟ್ಟಿದ್ದರು.

ಅಲೋಯ್ಜಿಯ ಮೊದಲ ಅನುಮಾನ ಯೂರೆಕ್ ಮೇಲೆ. "ಏನೋ, ನೀನೇ ಹೋಗಿ ಕಿವಿ ಕಚ್ಚಿದೆಯಾ ಅವಳ ಹತ್ರ?"

"ನಾನ್ಯಾಕೆ ಹೇಳ್ಲಿ ಯಜಮಾನ್ರೇ? ನಾಳೆ ನಾನೂ ಯಾರಿಗಾದ್ರೂ ಕಲ್ಲು ಹಾಕೋನೇ."

"ಹಾಗಾದ್ರೆ ಇದನ್ನ ಅಂಟಿಸಿದ್ದು ಯಾರು?"

ಅಂಟಿಸುವ ಕೆಲಸ ಆ ಕಟ್ಟಡದಲ್ಲಿ ಒಬ್ಬಳದೇ. ಹಾಳೆಗಳನ್ನು ನಕಲು ಮಾಡಿ, ಹಂಚಿ, ಕಾಯುವ ಚೆಸ್ವಾವಾ ನೆಲಮಾಳಿಗೆಯ ಕೋಣೆಯಲ್ಲಿ ಬಾಟಲಿ ಅಂಟಿನ ಮುಚ್ಚಳ ತಿರುಗಿಸುತ್ತ ಕೂತಿದ್ದಳು. ಅಲೋಯ್ಜಿಯೂ ಅವಳೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅವನು ಬಾಗಿಲು ಹಾಕಿಕೊಂಡು ಹಾಳೆಯನ್ನು ಅವಳ ಮೂಗಿನ ಮುಂದೆ ಹಿಡಿದ.

"ನಕಲು ಮಾಡೋವಾಗ ತಪ್ಪಾಗಿತ್ತು ಕಣ್ರೀ, ಸರಿ ಮಾಡ್ದೆ," ಎಂದಳು ಚೆಸ್ವಾವಾ, ಅವನ ಮುಖ ನೋಡದೆ.

"ಮೂವತ್ತು ವರ್ಷದಲ್ಲಿ ನೀನು ಒಂದು ಚುಕ್ಕಿ ತಪ್ಪಿಲ್ಲ. ನಂಗೆ ಕಥೆ ಹೇಳ್ಬೇಡ."

ಅವಳು ಅಂಟಿನ ಕಡ್ಡಿಯನ್ನು ಒರೆಸಿದಳು. ಮತ್ತೆ ಒರೆಸಿದಳು. "ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬಾರ್ದು."

"ಬಿಡಲ್ಲ."

"ಆ ಹುಡುಗಿ ನಿನ್ನೆ ಬಂದು, ಯಾರಿಗೂ ಗೊತ್ತಾಗದ ಹಾಗೆ ಅಂಟಿಸಿಕೊಡಿ ಅಂದ್ಲು. ಮೊದ್ಲ ದಿನವೇ ಅವಳಿಗೆ ಕೇಳಿಸಿದೆ ಕಣ್ರೀ. ನೀವು ಗಿಡ್ಡದ್ದು ಎತ್ಕೊಂಡಿದ್ದನ್ನೂ ನೋಡಿದಾಳೆ. ಅಷ್ಟು ವರ್ಷ ಊದಿದ ಮನುಷ್ಯ ಎರಡು ದಿನ ತಪ್ಪು ವಾದ್ಯ ಹಿಡ್ಕೊಂಡು ಊದಿ, ಅದು ತಪ್ಪು ಅಂತ ತನ್ನ ಕಿವಿಗೇ ಗೊತ್ತಾಗ್ಲಿಲ್ಲ ಅಂದ್ರೆ ಏನರ್ಥ ಅಂತ ನನ್ನೇ ಕೇಳಿದ್ಲು."

ಅಲೋಯ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಾನು ಕಿವುಡ ಅಂತ ತಿಳ್ಕೊಂಡ್ಳಾ?"

"ಇನ್ನೇನು ತಿಳ್ಕೋಬೇಕಿತ್ತು? ಈ ಸಲ ಮೂರು ಕುರ್ಚಿ ತೆಗೆದು ಮೂವರನ್ನ ಮನೆಗೆ ಕಳಿಸ್ತಾರಂತಲ್ಲ, ಯಾರ್ಯಾರ ಕೈಲಿ ಆಗ್ತಿಲ್ಲ ಬರ್ಕೊಡಿ ಅಂತ ಸೊಬೊಟ್ಟಾ ಅವಳಿಗೂ ಒಂದು ಹಾಳೆ ಕೊಟ್ಟಿದ್ರು. ಅವಳು ಖಾಲಿ ಹಾಳೆಯನ್ನೇ ವಾಪಸ್ ಕೊಟ್ಲು. ಆ ಹಾಳೆ ತಂದುಕೊಟ್ಟೋಳು ನಾನೇ, ಅದಕ್ಕೇ ಗೊತ್ತು." ಚೆಸ್ವಾವಾ ಈಗ ಅವನನ್ನು ನೆಟ್ಟಗೆ ನೋಡಿದಳು. "ಅವಳಪ್ಪ ಗಣಿ ಬ್ಯಾಂಡಿನಲ್ಲಿ ಕಹಳೆ ಊದ್ತಿದ್ರಂತೆ. ಕಿವಿ ಹೋಗ್ತಾ ಬಂತು. ಒಂದು ದಿನ ಎಲ್ಲರ ಎದುರು ಅವರೊಬ್ಬರನ್ನೇ ನಿಲ್ಲಿಸಿ ಊದಿಸಿದ್ರು. ಆಮೇಲೆ ಅವ್ರು ವಾದ್ಯ ಮುಟ್ಲೇ ಇಲ್ಲ. ಅಲೋಯ್ಜಿ ಅವರಿಗೆ ಹಾಗೆ ಆಗೋದು ಬೇಡ, ನನ್ನ ಸಂಗೀತದಲ್ಲಿ ಒಂದು ತೂತು ಇದ್ರೆ ಇರ್ಲಿ ಅಂದ್ಲು."

"ಅದು ಕಲ್ಲು," ಎಂದ ಅಲೋಯ್ಜಿ. "ನಾನು ಬೇಕು ಅಂತ್ಲೇ ಊದಿದ್ದು."

"ಎರಡು ದಿನ?" ಎಂದಳು ಚೆಸ್ವಾವಾ.

ಅವನು ಹಾಳೆ ಎತ್ತಿಕೊಂಡು ಮೆಟ್ಟಿಲು ಹತ್ತಿದ. ನಾಚಿಕೆಯಾಗಿತ್ತು, ಅದನ್ನು ಅವನು ತನ್ನಿಂದ ಮುಚ್ಚಿಡಲಿಲ್ಲ. ಆದರೆ ನಾಚಿಕೆಯ ಜೊತೆಗೆ ಕೋಪವೂ ಇತ್ತು. ತನ್ನ ಕಿವಿಯನ್ನು ಅನುಮಾನಿಸಲು ಇವಳು ಯಾರು? ಈ ಕರುಣೆಯನ್ನು ಕೇಳಿದವರು ಯಾರು? ಮೂರನೆಯ ಮೆಟ್ಟಿಲಿನಲ್ಲಿ ಇನ್ನೊಂದು ಯೋಚನೆ ಬಂತು. ಚೆಸ್ವಾವಾಳ ಬಾಯಿ ಭದ್ರ. ಕಲ್ಲು ಕಚ್ಚಿದ್ದಾಳೆಂದು ತಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಮಿತಿ ಬೇಡವೆನ್ನುತ್ತದೆ, ಹುಡುಗಿ ಮನೆಗೆ ಹೋಗುತ್ತಾಳೆ, ತನ್ನ ನಿವೃತ್ತಿಗೆ ಉಳಿದ ಎರಡು ವರ್ಷ ಹೇಗೋ ಕಳೆಯುತ್ತದೆ. ಆ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಆದರೂ ಅದು ತಲೆಯಿಂದ ಹೋಗಲಿಲ್ಲ.

ತಾಲೀಮು ಶುರುವಾಯಿತು. ಸೊಬೊಟ್ಟಾ ಕೈಯನ್ನು ನೆತ್ತಿಯ ಮೇಲೆತ್ತಿ ಸುತ್ತಿಸತೊಡಗಿದರು. ಅಲೋಯ್ಜಿ ಎರಡು ಕ್ಲಾರಿನೆಟ್ಟುಗಳನ್ನೂ ಗೂಟಕ್ಕೆ ಸಿಕ್ಕಿಸಿ ಕೈಗಳನ್ನು ತೊಡೆಯ ಮೇಲಿಟ್ಟು ಕೂತ. ಊದುವ ಕೆಲಸವಿಲ್ಲದೆ ವೇದಿಕೆಯ ಮೇಲೆ ಕೂತದ್ದು ಅವನಿಗೆ ನೆನಪಿರುವ ಮಟ್ಟಿಗೆ ಇದೇ ಮೊದಲು. ಎಣಿಸುವುದು, ತುಟಿ ಒದ್ದೆ ಮಾಡಿಕೊಳ್ಳುವುದು, ಪಕ್ಕದವನ ಉಸಿರು ಗಮನಿಸುವುದು ಯಾವುದೂ ಇರಲಿಲ್ಲ. ಕೇಳಿಸಿಕೊಳ್ಳುವುದೊಂದೇ ಉಳಿದಿತ್ತು.

ಪಿಟೀಲಿನವರು ಕಮಾನು ಆಡಿಸತೊಡಗಿದರು. ಒಂದು, ಎರಡು, ಮೂರು.

"ಇವತ್ತೂ ಅದೇ ಮೂಕಿ ಸಿನಿಮಾ," ಎಂದು ಅವನು ತುಟಿಯಂಚಿನಲ್ಲಿ ಪಿಸುಗುಟ್ಟಿದ.

ಯೂರೆಕ್ ನಗಲಿಲ್ಲ. ಹಾಳೆಯಿಂದ ಕಣ್ಣು ತೆಗೆಯದೆ, "ಸಾಕು ಯಜಮಾನ್ರೇ ಆ ತಮಾಷೆ, ಇವತ್ತು ಸೂಜಿ ಚುಚ್ಚಿದ ಹಾಗೆ ಕೇಳಿಸ್ತಿದೆ," ಎಂದ.

ಹುಡುಗ ತನ್ನನ್ನೇ ಆಡಿಸುತ್ತಿದ್ದಾನೆ ಎಂದು ಅಲೋಯ್ಜಿ ಅಂದುಕೊಂಡ. ಬೆಳಿಗ್ಗೆ ಬೈದದ್ದಕ್ಕೆ ಸೇಡು. ಆದರೆ ಮುಂದಿನ ಸಾಲಿನಲ್ಲಿ ಕೊಳಲಿನವಳು ಒಂದು ಭುಜವನ್ನು ಕಿವಿಯವರೆಗೆ ಎತ್ತಿ ಹಿಡಿದಿದ್ದಳು. ಅವಳ ಆಚೆಯ ಓಬೋ ವಾದಕ ಕಣ್ಣು ಕಿರಿದು ಮಾಡಿ ತಲೆಯನ್ನು ಒಂದು ಕಡೆ ವಾಲಿಸಿದ್ದ. ಬಾಗಿಲ ಬಳಿ ನೆಲ ಒರೆಸುತ್ತಿದ್ದ ಹೆಂಗಸೂ ಕೋಲು ಹಿಡಿದು ನಿಂತು ಮೇಲೆ ದೀಪಗಳ ಕಡೆ ನೋಡುತ್ತಿದ್ದಳು, ಶಬ್ದ ಅಲ್ಲಿಂದ ಬರುತ್ತಿದೆಯೋ ಎನ್ನುವ ಹಾಗೆ. ಆ ಹೆಂಗಸಿಗೂ ಓಬೋದವನಿಗೂ ಕೊಳಲಿನವಳಿಗೂ ಸೇರಿ ತನಗೆ ಮೋಸ ಮಾಡಬೇಕಾದ ಕಾರಣವೇನಿದೆ? ಅಲೋಯ್ಜಿ ಉಸಿರು ಬಿಗಿಹಿಡಿದು ಕೇಳಿದ. ಲುದ್ವಿಕಾಳ ಬೆರಳು ತಂತಿಯ ತುತ್ತತುದಿಯಲ್ಲಿ ನಡುಗುತ್ತಿತ್ತು. ಕಮಾನು ತಂತಿಯನ್ನು ಮುಟ್ಟಿಯೇ ಇತ್ತು. ಅವನಿಗೆ ಏನೂ ಕೇಳಿಸಲಿಲ್ಲ.

ಅವನಿಗೆ ಹೆಂಡತಿಯ ನೆನಪಾಯಿತು. ಎರಡು ವರ್ಷದಿಂದ ಅವಳು ಪ್ರತಿಯೊಂದಕ್ಕೂ ಕೂಗಾಡುತ್ತಾಳೆ, ವಯಸ್ಸಾದಂತೆ ಜಗಳಗಂಟಿಯಾಗಿದ್ದಾಳೆ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಮೇಲಿನ ಮನೆಯವರು ರೇಡಿಯೋ ಸದ್ದು ಕಡಿಮೆ ಮಾಡಿ ಎಂದು ಬಂದಾಗ ಅವರಿಗೆ ಹೊಟ್ಟೆಕಿಚ್ಚು ಎಂದಿದ್ದ. ಮೂವತ್ತು ವರ್ಷ ಅವನ ತಲೆಯ ಹಿಂದೆಯೇ ಮೂರು ಹಿತ್ತಾಳೆ ಟ್ರಾಂಬೋನುಗಳು ಬಾಯಿ ತೆರೆದು ಕೂತಿದ್ದವು. ಇಷ್ಟು ದಿನ ಎಲ್ಲರನ್ನೂ ಬೆಳಕಿಗೆ ಹಿಡಿದು ನೋಡಿದವನಿಗೆ ತನ್ನನ್ನು ನೋಡಿಕೊಳ್ಳಲು ತೋಚಿರಲಿಲ್ಲ. ಅವನಿಗೆ ತುಂಬ ಭಯವಾಯಿತು.

ಸೊಬೊಟ್ಟಾರ ಕೈ ಹನ್ನೆರಡು ದಾಟಿತು. ಊದುವವರು ಒಬ್ಬೊಬ್ಬರಾಗಿ ಬರತೊಡಗಿದರು. ಇದು ಅವನಿಗೆ ಚೆನ್ನಾಗಿ ಕೇಳಿಸಿತು. ಒಳಗೆ ಕೂತು ಊದುವಾಗ ಗೌಜಿ ಎನ್ನಿಸಿದ್ದು ಈಗ ಗೌಜಿಯಾಗಿರಲಿಲ್ಲ. ಮೊದಲನೆಯವನು ಬಂದು ನಿಂತ, ಎರಡನೆಯವನು ಅವನನ್ನು ತಳ್ಳದೆ ಪಕ್ಕದಲ್ಲಿ ನಿಂತ, ಮೂರನೆಯವನು ಇಬ್ಬರಿಗೂ ಜಾಗ ಬಿಟ್ಟು ನಿಂತ. ಗಣಿಯ ಆಳಕ್ಕೆ ಇಳಿಸುವ ತೊಟ್ಟಿಲಿಗೆ ಜನ ಹತ್ತುವುದು ಹೀಗೆಯೇ. ಅವನ ಅಣ್ಣ ಹತ್ತುವುದನ್ನು ಅವನು ಎಷ್ಟೋ ಬೆಳಿಗ್ಗೆ ಬೇಲಿಯಾಚೆಯಿಂದ ನೋಡಿದ್ದ. ಯಾರೂ ಮಾತಾಡುವುದಿಲ್ಲ, ಭುಜಕ್ಕೆ ಭುಜ ತಾಗುತ್ತದೆ, ಬಾಗಿಲು ಹಾಕುವವನು ತಲೆ ಎಣಿಸುತ್ತಾನೆ. ನಾಲ್ಕು. ಐದು. ಆರು.

ಆರನೆಯದಾದ ಮೇಲೆ ಕೈ ನೆಟ್ಟಗೆ ಕೆಳಗೆ ಬಂತು. ಯಾರೂ ಬರಲಿಲ್ಲ. ಮೂರು ಸೆಕೆಂಡು ಆ ಆರು ಜನ ಕಾದು ನಿಂತರು. ಆಮೇಲೆ ಎಂಟನೆಯವನು ಬಂದು ತನ್ನ ಜಾಗದಲ್ಲೇ ನಿಂತ, ನಡುವೆ ಒಬ್ಬ ಮನುಷ್ಯನಷ್ಟು ಖಾಲಿ ಬಿಟ್ಟು. ಕೊನೆಯವರೆಗೂ ಹನ್ನೊಂದು ಜನರ ಮಧ್ಯೆ ಆ ಖಾಲಿ ಹಾಗೇ ಉಳಿಯಿತು. ಅದು ತನ್ನ ಜಾಗ. ಮೂರು ವರ್ಷ ಬರೆದು, ಅಷ್ಟು ಜನಕ್ಕೂ ಅಳತೆ ಮಾಡಿ ಜಾಗ ಇಟ್ಟವಳು, ಅವನಿಗಾಗಿ ಅದನ್ನು ತಾನೇ ಕೆಡಿಸಿಕೊಂಡಿದ್ದಳು. ಏಳನೆಯ ಸಾಲಿನಲ್ಲಿ ರೆನಾಟಾ ತಲೆ ತಗ್ಗಿಸಿ ಕೂತಿದ್ದಳು.

ಸಮಿತಿ ಸೇರುವುದು ಸೊಬೊಟ್ಟಾರ ಕೋಣೆಯಲ್ಲಿ. ಸೊಬೊಟ್ಟಾ, ಲುದ್ವಿಕಾ, ಅಲೋಯ್ಜಿ, ಟ್ರಾಂಬೋನಿನವನೊಬ್ಬ, ಚೆಲ್ಲೋದವನೊಬ್ಬ. ಕೃತಿ ಬರೆದವರನ್ನು ಒಳಗೆ ಬಿಡುವ ಪದ್ಧತಿಯಿಲ್ಲ, ರೆನಾಟಾ ಹೊರಗೆ ಬೆಂಚಿನ ಮೇಲಿದ್ದಳು.

"ಅಲೋಯ್ಜಿ, ನೀವೇ ಶುರು ಮಾಡಿ," ಎಂದರು ಸೊಬೊಟ್ಟಾ. "ಕಲ್ಲು ಹಾಕಿದ್ರಂತೆ. ಕಟ್ಟಡಕ್ಕೆಲ್ಲ ಗೊತ್ತು, ನಂಗೊಬ್ಬನಿಗೆ ಹೇಳಿಲ್ಲ."

"ಕಚ್ಚಲಿಲ್ಲ ಅಂತಾನೇ ಸುದ್ದಿ," ಎಂದ ಟ್ರಾಂಬೋನಿನವನು. "ಕಿವಿ ಇಲ್ದೋರು ಬರೆದಿದ್ದನ್ನ ವಾರ್ಸಾಕ್ಕೆ ಹೊತ್ಕೊಂಡು ಹೋಗಿ ಮಾನ ಕಳ್ಕೊಳೋದು ಬೇಡ."

ಅಲೋಯ್ಜಿ ಕೆಮ್ಮಿದ. "ಕಚ್ಚಿದಾರೆ. ಮೊದ್ಲ ದಿನವೇ. ಬದಿಗೆ ಕರೆದು ನಂಗೊಬ್ಬನಿಗೆ ಹೇಳಿದ್ರು. ಎಲ್ಲರ ಎದುರು ಬೇಡ ಅಂತ."

ಇದು ಅರ್ಧ ಸುಳ್ಳು. ಅರ್ಧ ಸುಳ್ಳಿನಲ್ಲಿ ಇಬ್ಬರೂ ಉಳಿದುಕೊಳ್ಳಬಹುದು ಎಂದು ಅವನು ಈ ಕೋಣೆಗೆ ಬರುತ್ತ ಲೆಕ್ಕ ಹಾಕಿದ್ದ. ಲುದ್ವಿಕಾ ಹುಬ್ಬು ಗಂಟಿಕ್ಕಿದಳು.

"ಮೊದ್ಲ ದಿನವೇ ಹೇಳಿದ್ರೆ ನಿನ್ನೆ ಯಾಕೆ ಹಾಗೇ ಊದಿದ್ರಿ? ಕ್ಯಾಂಟೀನಲ್ಲಿ ಹಲ್ಲಿಗೆ ತಾಗ್ಲಿಲ್ಲ ಅಂದೋರು ನೀವೇ ತಾನೆ?"

"ಇವತ್ತು ಊದಲೇ ಇಲ್ಲ," ಎಂದರು ಸೊಬೊಟ್ಟಾ. "ನಾನು ಕೈ ಕೆಳಗೆ ತಂದೆ, ನೀವು ತೊಡೆ ಮೇಲೆ ಕೈ ಇಟ್ಕೊಂಡು ಕೂತಿದ್ರಿ. ಏನು ನಡೀತಿದೆ ಇಲ್ಲಿ?"

ನಾಲ್ಕು ಜನ ಅವನನ್ನೇ ನೋಡುತ್ತಿದ್ದರು. ಸುಮ್ಮನೆ ಕೈ ಬೀಸಿ, "ಕಚ್ಚಲಿಲ್ಲ, ತಮಾಷೆಗೆ ಹೇಳ್ದೆ" ಎಂದುಬಿಟ್ಟರೆ ಇಲ್ಲಿಗೆ ಮುಗಿಯುತ್ತದೆ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಬಾಗಿಲಾಚೆ ಬೆಂಚಿನ ಮೇಲೆ ಕೂತವಳು ಅದನ್ನೂ ಸಹಿಸಿಕೊಂಡು ಹೋಗುತ್ತಾಳೆ, ಅವನ ಹೆಸರೆತ್ತುವುದಿಲ್ಲ ಎಂಬುದೂ ಸ್ಪಷ್ಟವಾಗಿತ್ತು. ಅದನ್ನು ನೆನೆದಾಗ ಅವನಿಂದ ಆಗಲಿಲ್ಲ.

"ನಾನು ಎರಡೂ ದಿನ ಬೇಕಂತ್ಲೇ ತಪ್ಪು ಊದಿದ್ದು," ಎಂದ. "ಅವರಿಗೆ ಕೇಳಿಸ್ತು. ನನ್ನ ಕಿವಿ ಹೋಗಿದೆ ಅಂತ ತಿಳ್ಕೊಂಡು ಸುಮ್ಮನಿದ್ರು. ನನ್ನ ಕುರ್ಚಿ ಹೋಗ್ಬಾರ್ದು ಅಂತ ನನ್ನ ಸಾಲನ್ನೇ ತೆಗೆಸಿದ್ರು. ನಂಗೆ ಸಿಟ್ಟು ಬಂತು. ನನ್ನ ಕಿವಿಗೇನಾಗಿದೆ ಅಂತ."

ಅವನು ಲುದ್ವಿಕಾಳ ಕಡೆ ತಿರುಗಿದ.

"ಇವತ್ತು ಗೊತ್ತಾಯ್ತು. ಲುದ್ವಿಕಾ, ನಿಮ್ಮ ಹನ್ನೆರಡು ಸೆಕೆಂಡು ನಂಗೆ ಕೇಳಿಸಲ್ಲ. ಮೂರು ದಿನದಿಂದ ನೀವೆಲ್ಲ ಕಮಾನು ಆಡಿಸೋ ನಾಟಕ ಮಾಡ್ತಿದೀರಿ ಅಂದ್ಕೊಂಡಿದ್ದೆ."

ಲುದ್ವಿಕಾಳ ಬಾಯಿ ಸ್ವಲ್ಪ ತೆರೆಯಿತು. "ನಾವು... ನೀವು ತಮಾಷೆ ಮಾಡ್ತಿದೀರಿ ಅಂತ ನಕ್ಕಿದ್ವಲ್ಲ," ಎಂದಳು.

"ನಗೋ ಹಾಗೇ ಇತ್ತು."

ಸೊಬೊಟ್ಟಾ ಪೆನ್ನಿನ ಮುಚ್ಚಳ ತೆಗೆದರು, ಏನೂ ಬರೆಯದೆ ಮುಚ್ಚಿದರು. "ಅಲೋಯ್ಜಿ, ಇದನ್ನ ನಾನು ಕೇಳಿಸ್ಕೊಂಡಿಲ್ಲ ಅಂತ ಇರೋಕಾಗಲ್ಲ. ಸೋಮವಾರ ಕಾಟೋವಿತ್ಸೆಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸ್ಬೇಕಾಗುತ್ತೆ. ಎರಡು ದಿನದ ತಪ್ಪಿಗೆ ಎರಡು ವಾರ ವೇದಿಕೆ ಹತ್ತೋ ಹಾಗಿಲ್ಲ. ಅದು ನೀವೇ ಹೊಸಬರಿಗೆ ಹೇಳಿಕೊಡೋ ನಿಯಮ."

"ಗೊತ್ತು. ಮೊದ್ಲು ಕೈ ಎತ್ತಿಸಿ," ಎಂದು ಅಲೋಯ್ಜಿ ತನ್ನ ಕೈಯನ್ನು ಎಲ್ಲರಿಗಿಂತ ಮೊದಲು ಎತ್ತಿದ. ಬೇರೆಯವರು ಎತ್ತಿದರೋ ಇಲ್ಲವೋ ಎಂದು ತಿರುಗಿ ನೋಡುವ ಅಭ್ಯಾಸ ಅವನಿಗೆ ಹುಟ್ಟಿನಿಂದ ಬಂದ ಹಾಗಿತ್ತು. ಅವತ್ತು ನೋಡಲಿಲ್ಲ. ಟ್ರಾಂಬೋನಿನವನೊಬ್ಬನನ್ನು ಬಿಟ್ಟು ಎಲ್ಲರೂ ಎತ್ತಿದ್ದರು ಎಂದು ಆಮೇಲೆ ಲುದ್ವಿಕಾ ಹೇಳಿದಳು.

ಮುಂದಿನ ಶನಿವಾರ ವಾರ್ಸಾದ ಉತ್ಸವಕ್ಕೆಂದು ಮತ್ತೆ ತಾಲೀಮು. ಅಲೋಯ್ಜಿ ಮುಂಬಾಗಿಲಿನಿಂದ, ಟಿಕೆಟ್ಟು ಕೊಂಡವರು ಬರುವ ದಾರಿಯಿಂದ ಒಳಗೆ ಬಂದ. ಕೋಟಿನ ಒಳಜೇಬಿನಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿ ಇತ್ತು. ವೇದಿಕೆಯ ಮೇಲೆ ಅವನ ಕುರ್ಚಿಯಲ್ಲಿ ಸೇನೆಯ ಬ್ಯಾಂಡಿನಿಂದ ಎರವಲು ತಂದ ಕೆಂಪು ಕಿವಿಯ ಹುಡುಗನೊಬ್ಬ ಕೂತು, ಉದ್ದದ ಕ್ಲಾರಿನೆಟ್ಟಿನ ರೀಡನ್ನು ನಾಲಗೆಯಿಂದ ಒದ್ದೆ ಮಾಡುತ್ತಿದ್ದ. ಯೂರೆಕ್ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಬಹುಶಃ ಮೂವತ್ತನೆಯ ಸೆಕೆಂಡಿನ ಬಗ್ಗೆ ಇರಬೇಕು.

ಏಳನೆಯ ಸಾಲಿನಲ್ಲಿ ರೆನಾಟಾ ಒಬ್ಬಳೇ ಇದ್ದಳು. ಅಲೋಯ್ಜಿ ಒಂದು ಕುರ್ಚಿ ಬಿಟ್ಟು ಕೂತ.

"ಬೇಕು ಅಂತ್ಲೇ ಮಾಡಿದ್ದು," ಎಂದ, ವೇದಿಕೆಯ ಕಡೆ ನೋಡುತ್ತ.

"ಸೊಬೊಟ್ಟಾ ಹೇಳಿದ್ರು."

"ನೀವು ನಂಗೆ ಚೆನ್ನಾಗಿ ಬೈಬೇಕಿತ್ತು."

"ಬೈದೆ. ಮನೆಗೆ ಹೋಗಿ, ಗೋಡೆ ನೋಡ್ಕೊಂಡು, ಅರ್ಧ ಗಂಟೆ ಬೈದೆ," ಎಂದಳು ರೆನಾಟಾ. ಸ್ವರಲಿಪಿ ಬಿಡಿಸುತ್ತ, "ಡಾಕ್ಟರು ಏನಂದ್ರು?" ಎಂದು ಕೇಳಿದಳು.

"ಕೆಳಗಿನ ಸ್ವರ ಎಲ್ಲ ಇದೆ. ಮೇಲಿಂದು ಹೋಗಿದೆ. ವಾಪಸ್ ಬರಲ್ಲ ಅಂದ್ರು."

ಅವಳು ಪಾಪ ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನಿಗೆ ಅದು ಒಳ್ಳೆಯದೆನ್ನಿಸಿತು. ವೇದಿಕೆಯ ಮೇಲೆ ಕುರ್ಚಿಗಳ ಸದ್ದು ಅಡಗಿತು. ಸೊಬೊಟ್ಟಾ ಬಲಗೈಯನ್ನು ನೆತ್ತಿಯ ಮೇಲೆ ಎತ್ತಿದರು.

ರೆನಾಟಾ ಎದ್ದು, ನಡುವೆ ಖಾಲಿಯಿದ್ದ ಕುರ್ಚಿಗೆ ಬಂದು ಕೂತು, ಆ ದೊಡ್ಡ ಸ್ವರಲಿಪಿಯ ಅರ್ಧವನ್ನು ಅವನ ಮೊಣಕಾಲ ಮೇಲೆ ಸರಿಸಿದಳು. ಹಾಳೆಯ ತುತ್ತತುದಿಯಲ್ಲಿ, ಉಳಿದ ಎಲ್ಲ ಸಾಲುಗಳಿಗಿಂತ ಮೇಲೆ, ಪಿಟೀಲಿನವರ ಆ ಹನ್ನೆರಡು ಸೆಕೆಂಡು ಕೂದಲಿನಷ್ಟು ತೆಳುವಾದ ಒಂದು ಗೆರೆಯಾಗಿ ಎಡದಿಂದ ಬಲಕ್ಕೆ ಹೊರಟಿತ್ತು. ಅವಳು ತೋರುಬೆರಳನ್ನು ಅದರ ಮೊದಲಿಗೆ ಇಟ್ಟಳು. ಸೊಬೊಟ್ಟಾರ ಕೈ ಕದಲಿತು. ಬೆರಳು ಗೆರೆಯ ಮೇಲೆ ನಿಧಾನವಾಗಿ ಚಲಿಸತೊಡಗಿತು. ಅಲೋಯ್ಜಿ ವೇದಿಕೆಯನ್ನು ಬಿಟ್ಟು ಆ ಬೆರಳನ್ನೇ ನೋಡುತ್ತ ಕೂತ.